ಮೊದಲ ಸ್ಲೈಡು, ಕೊನೆಯ ಸ್ಲೈಡು

ಕ್ಯಾನ್ಸರ್ ಎಂದರೆ ಒಂದೇ ಕಾಯಿಲೆ, ಅದಕ್ಕೆ ಒಂದೇ ಬಗೆಯ ಮದ್ದು, ಆ ಮದ್ದಿಗೆ ಕೂದಲೂ ಉದುರಬೇಕು, ಹಸಿವೂ ಸಾಯಬೇಕು ಎಂದು ಲೋಕ ನಂಬಿದ್ದ ಕಾಲದಲ್ಲಿ ಸೇವೆಗೆ ಸೇರಿದವರು ನಮ್ಮ ಡಾಕ್ಟರಮ್ಮನವರು. ಗಡ್ಡೆಯೊಳಗೆ ಯಾವ ಜೀನು ಕೆಟ್ಟಿದೆಯೆಂದು ಹುಡುಕಿ ಅದೊಂದಕ್ಕೇ ಗುರಿಯಿಟ್ಟು ಮಾತ್ರೆ ಕೊಡುವ, ಮಂಕು ಹಿಡಿದು ಕುಳಿತ ಮೈಯ ಕಾವಲು ಕಣಗಳನ್ನು ತಟ್ಟಿ ಎಬ್ಬಿಸಿ ಗಡ್ಡೆಯ ಮೇಲೆ ಬಿಡುವ ಈ ಕಾಲದಲ್ಲಿ ನಿವೃತ್ತರಾಗುತ್ತಿದ್ದಾರೆ. ಈ ಎರಡು ಕಾಲಗಳ ನಡುವಿನ ಸೇತುವೆ ಅವರು ಎಂದರೆ ಮೊದಲು ನಗುವವರು ಅವರೇ. ಹಿಂದೊಂದು ಸಮಾರಂಭದಲ್ಲಿ ಯಾರೋ ಹಾಗೆಂದಾಗ, ಸೇತುವೆಯೆಂದರೆ ಎಲ್ಲರೂ ತುಳಿದುಕೊಂಡು ಹೋಗುವಂಥದ್ದು ತಾನೇ ಎಂದು ಕೇಳಿ ಭಾಷಣಕಾರರ ಬಾಯಿ ಮುಚ್ಚಿಸಿದ್ದರು. ಆದರೂ ರೋಗನಿದಾನ ಶಾಸ್ತ್ರದಲ್ಲಿ ಅವರಷ್ಟು ದೀರ್ಘಕಾಲ, ಅವರಷ್ಟು ನಿಷ್ಠುರವಾಗಿ, ಅವರಷ್ಟು ಸದ್ದಿಲ್ಲದೆ ದುಡಿದವರು ವಿರಳವೆಂಬುದನ್ನು ಈ ಅಭಿನಂದನ ಗ್ರಂಥದ ಮೊದಲ ಪುಟದಲ್ಲೇ ಹೇಳಿಬಿಡುವುದು ಒಳ್ಳೆಯದು.

ಮಾತ್ರೆ ಬರೆಯುವ ವೈದ್ಯರನ್ನು ರೋಗಿ ಕಾಣುತ್ತಾನೆ, ಡ್ರಿಪ್ ಏರಿಸುವ ನರ್ಸಮ್ಮನನ್ನು ಕಾಣುತ್ತಾನೆ. ತನ್ನ ಮೈಯಿಂದ ತೆಗೆದ ಸಾಸಿವೆ ಗಾತ್ರದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಇವನಿಗೆ ಯಾವ ಮದ್ದು ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎಂದು ಹೇಳುವವರನ್ನು ಮಾತ್ರ ಅವನು ಜನ್ಮದಲ್ಲಿ ಕಾಣುವುದಿಲ್ಲ. ವರದಿಯ ಕೆಳಗಿನ ಸಹಿಯೊಂದೇ ಅವರ ಮುಖ.

ಸಂಪಾದಕ ಸಮಿತಿಯವರು ಲೇಖಕರಿಗೆ ಎರಡು ಸೂಚನೆಗಳನ್ನು ಕಳುಹಿಸಿದ್ದರು. ಒಂದು, ಬರಹದಲ್ಲಿ ‘ನಾನು, ನನ್ನದು’ಗಳ ಹಾವಳಿ ಇರಬಾರದು. ಎರಡು, ಹನ್ನೊಂದು ವರ್ಷದ ಹಿಂದಿನ ‘ಆ ವಿಷಯ’ವನ್ನು ಎತ್ತಬಾರದು. ಮೊದಲನೆಯದನ್ನು ಪಾಲಿಸಲಾಗಿದೆ. ಪ್ರಯೋಗಾಲಯದಲ್ಲಿ ಮೇಣದ ಬ್ಲಾಕುಗಳನ್ನು ಕೊಯ್ಯುವ ಕೆಲಸದ ಈ ಲೇಖಕನನ್ನು ಎಲ್ಲರೂ ‘ಕುಯ್ಯಪ್ಪ’ ಎಂದೇ ಕರೆಯುವುದರಿಂದ, ಇಲ್ಲಿಯೂ ಅವನು ಕುಯ್ಯಪ್ಪನಾಗಿಯೇ ಬರುತ್ತಾನೆ. ಎರಡನೆಯ ಸೂಚನೆಯನ್ನು ಪಾಲಿಸಿಲ್ಲ. ಅದನ್ನು ಬಿಟ್ಟರೆ ಬರೆಯಲು ಉಳಿಯುವುದು ಹಾರ ತುರಾಯಿಯ ಮಾತು ಮಾತ್ರ, ಅದನ್ನು ಬರೆಯಲು ಬೇರೆಯವರಿದ್ದಾರೆ.

ಡಾಕ್ಟರಮ್ಮನವರು ಮೂವತ್ತೊಂದು ವರ್ಷದ ಹಿಂದೆ ಈ ಆಸ್ಪತ್ರೆಗೆ ಬಂದಾಗ ರೋಗನಿದಾನ ವಿಭಾಗವೆಂದರೆ ನೆಲಮಾಳಿಗೆಯ ಎರಡು ಕೋಣೆ. ಒಂದರಲ್ಲಿ ಫಾರ್ಮಲಿನ್ನಿನ ಘಾಟು, ಇನ್ನೊಂದರಲ್ಲಿ ಕರಗಿದ ಮೇಣದ ವಾಸನೆ. ಕಿಟಕಿಯಿಂದ ಕಾಣುತ್ತಿದ್ದುದು ಹೋಗಿಬರುವವರ ಚಪ್ಪಲಿಗಳು ಮಾತ್ರ. ಅವರು ಬಂದು ಮೂರು ವರ್ಷಕ್ಕೆ ಕುಯ್ಯಪ್ಪ ಸೇರಿಕೊಂಡ. ಮೊದಲ ದಿನವೇ ಅವನಿಗೆ ತಿಳಿದದ್ದೇನೆಂದರೆ, ಈಯಮ್ಮ ಸ್ಲೈಡುಗಳಿಗೆ ಬಹುವಚನ ಕೊಡುತ್ತಾರೆ. ಒಂದು ಸ್ಲೈಡು ಸಿಗದಿದ್ದರೆ, ‘ಈ ಯಜಮಾನರು ಎಲ್ಲಿಗೆ ಹೋದರು’ ಎಂದು ಹುಡುಕುತ್ತಿದ್ದರು. ಹೊಸಬರು ನಕ್ಕರೆ ತಾವೂ ನಗುತ್ತಿದ್ದರು, ಸ್ಲೈಡು ಸಿಗುವವರೆಗೆ ಮನೆಗೆ ಮಾತ್ರ ಬಿಡುತ್ತಿರಲಿಲ್ಲ.

ಅವರ ಉಪಕಾರಗಳೂ ಅವರಂತೆಯೇ, ಗದರಿಕೆಯ ಜೊತೆ ಬರುತ್ತಿದ್ದವು. ಕುಯ್ಯಪ್ಪ ಕಣ್ಣು ಕಿರಿದು ಮಾಡಿ ಕೊಯ್ಯುವುದನ್ನು ಒಂದು ವಾರ ನೋಡಿ, ಎಂಟನೆಯ ದಿನ ಅವನ ರಟ್ಟೆ ಹಿಡಿದು ಕಣ್ಣಿನ ವಿಭಾಗಕ್ಕೆ ಎಳೆದೊಯ್ದು, ಇವನಿಗೆ ಕನ್ನಡಕ ಕೊಡದಿದ್ದರೆ ನಾನು ಕುರುಡಿಯಾಗುತ್ತೇನೆ ಎಂದು ಅಲ್ಲಿನ ವೈದ್ಯರ ಮೇಲೆ ರೇಗಿದ್ದರು. ಅವನ ತಾಯಿ ತೀರಿಕೊಂಡಾಗ ಒಂಬತ್ತು ದಿನ ಅವನ ಕೆಲಸವನ್ನು ತಾವೇ ಮಾಡಿದರು. ಅವನು ಮರಳಿ ಬಂದು ನೋಡಿದರೆ, ಅಯ್ಯೋ ಶಿವನೇ, ಅಷ್ಟೂ ಸೊಟ್ಟ, ಅಷ್ಟೂ ದಪ್ಪ. ಓದುವ ವಿದ್ಯೆಯಲ್ಲಿ ಸಾಟಿಯಿಲ್ಲದ ಆ ಕಣ್ಣುಗಳಿಗೆ ಕೊಯ್ಯುವ ಕೈ ಜೊತೆಯಾಗಿರಲಿಲ್ಲ. ಅಷ್ಟನ್ನೂ ಮತ್ತೆ ಕೊಯ್ಯುತ್ತ ಅವನು ದುಃಖದ ನಡುವೆಯೂ ನಕ್ಕುಬಿಟ್ಟ. ಅವನು ನಗಲೆಂದೇ ಹಾಗೆ ಕೊಯ್ದದ್ದೆಂದು ಡಾಕ್ಟರಮ್ಮ ಇಂದಿಗೂ ಸಾಧಿಸುತ್ತಾರೆ.

ಕೊಯ್ಯುವುದೆಂದರೇನೆಂದು ಓದುಗರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ರೋಗಿಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿದರೆ ಅದು ಬ್ಲಾಕು. ಯಂತ್ರದ ಅಲಗಿಗೆ ಅದನ್ನು ಕೊಟ್ಟು, ಈರುಳ್ಳಿಯ ಪೊರೆಗಿಂತ ತೆಳುವಾದ ಪದರಗಳನ್ನು ತೆಗೆಯಬೇಕು. ಪದರ ಸುಕ್ಕಾಗದಂತೆ ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ತೇಲಿಬಿಟ್ಟು, ಗಾಜಿನ ಸ್ಲೈಡನ್ನು ಕೆಳಗಿನಿಂದ ತಂದು ಮೆಲ್ಲಗೆ ಎತ್ತಿಕೊಳ್ಳಬೇಕು. ಅಪಾಯವಿರುವುದು ಆ ನೀರಿನಲ್ಲಿ. ಒಬ್ಬರ ಪದರದಿಂದ ಕಣ್ಣಿಗೆ ಕಾಣದ ಎಳೆಯೊಂದು ಕಳಚಿ ನೀರಿನಲ್ಲಿ ಉಳಿದರೆ, ಮುಂದಿನವರ ಸ್ಲೈಡಿಗೆ ಹತ್ತಿಕೊಂಡುಬಿಡುತ್ತದೆ. ಬಣ್ಣ ಹಾಕಿ ನೋಡುವ ಸ್ಲೈಡಿನಲ್ಲಾದರೆ ಅನುಭವಸ್ಥರು ಅದನ್ನು ಪರಕೀಯವೆಂದು ಗುರುತಿಸಿಯಾರು. ಜೀನ್ ಪರೀಕ್ಷೆಗಾದರೋ ಬಣ್ಣ ಹಾಕದ ಸ್ಲೈಡುಗಳನ್ನು ಕೆರೆದು ಯಂತ್ರಕ್ಕೆ ಹಾಕುತ್ತಾರೆ, ಯಂತ್ರಕ್ಕೆ ಯಾರದು ಯಾರದೆಂಬ ಭೇದವಿಲ್ಲ.

ಹೊಸ ಔಷಧಗಳು ಬಂದು, ಜೀನ್ ಪರೀಕ್ಷೆಗಳು ಶುರುವಾದ ವರ್ಷವೇ ಡಾಕ್ಟರಮ್ಮ ಗೋಡೆಗೆ ತಮ್ಮ ಕೈಯಕ್ಷರದ ಚೀಟಿ ಅಂಟಿಸಿದರು. ಜೀನ್ ಪರೀಕ್ಷೆಯ ಬ್ಲಾಕು ಮುಟ್ಟುವ ಮೊದಲು ಬೋಗುಣಿಯ ನೀರನ್ನು ಪೂರ್ತಿ ಚೆಲ್ಲಿ, ಒರೆಸಿ, ಹೊಸ ನೀರು ತುಂಬಿ, ಕಾದ ಮೇಲೆಯೇ ಕೊಯ್ಯತಕ್ಕದ್ದು. ಕಾಯಲು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ಕುಯ್ಯಪ್ಪನಿಗೆ ಚಹಾ ಕುಡಿಯುವ ಹೊತ್ತು.

ಆ ದಿನಗಳಲ್ಲಿ ಅವನು ಕೆಲಸಕ್ಕೆ ಬರುತ್ತಿದ್ದ ಬಸ್ಸಿನ ಚಾಲಕ ಒಬ್ಬ ತುಂಟ ಮನುಷ್ಯ. ಕುಯ್ಯಪ್ಪ ರಸ್ತೆಯ ತಿರುವಿನಲ್ಲಿ ಓಡಿಬರುವುದು ಕನ್ನಡಿಯಲ್ಲಿ ಕಂಡರೆ ಅರ್ಧ ನಿಮಿಷ ಬಸ್ಸು ನಿಲ್ಲಿಸಿ, ಹತ್ತಿದ ಮೇಲೆ ಹೆಂಡತಿ ಇವತ್ತೂ ಎಬ್ಬಿಸಲಿಲ್ಲವೇ ಎಂದು ಎಲ್ಲರೆದುರು ಕೇಳುತ್ತಿದ್ದ. ಹೀಗೆ ಆರು ವರ್ಷ. ಬರಬರುತ್ತ ಆ ಚಾಲಕನಿಗೆ ಕೆಮ್ಮು ಹತ್ತಿತು, ಆಮೇಲೆ ಉಬ್ಬಸ. ಒಂದು ದಿನ ಅವನು ಬಸ್ಸಿನಲ್ಲಿ ಇರಲಿಲ್ಲ. ಎರಡು ವಾರದ ಮೇಲೆ ನೆಲಮಾಳಿಗೆಯ ಬಾಗಿಲಲ್ಲಿ ಹೆಂಡತಿಯೊಂದಿಗೆ ನಿಂತಿದ್ದ. ಶ್ವಾಸಕೋಶದ ಗಡ್ಡೆ. ಯಾವ ಮದ್ದೆಂದು ಪರೀಕ್ಷೆಯಿಂದ ತಿಳಿಯಬೇಕಂತೆ, ಸ್ವಲ್ಪ ಬೇಗ ಆದರೆ ಉಪಕಾರವಾಗುತ್ತದೆ ಎಂದು ಚಾಲಕ ಕೇಳಿಕೊಂಡ. ಅವನ ದನಿಯಲ್ಲಿ ತುಂಟತನ ಉಳಿದಿರಲಿಲ್ಲ.

ಆರು ವರ್ಷ ತನಗಾಗಿ ನಿಂತವನಿಗೆ ಇಷ್ಟೂ ಮಾಡದಿದ್ದರೆ ಹೇಗೆ ಎಂದುಕೊಂಡ ಕುಯ್ಯಪ್ಪ. ಹೊರಗಿನ ಜೀನ್ ಪರೀಕ್ಷಾ ಕೇಂದ್ರಕ್ಕೆ ಮಾದರಿ ಒಯ್ಯುವ ಗಾಡಿ ಹೊರಡಲು ಕಾಲು ಗಂಟೆಯಿತ್ತು. ಆಗಷ್ಟೇ ಒಬ್ಬ ಶಾಲಾ ಶಿಕ್ಷಕಿಯ ಬ್ಲಾಕನ್ನು ಕೊಯ್ದು ಮುಗಿಸಿದ್ದ. ನೀರು ಬೆಚ್ಚಗಿತ್ತು, ನೋಡಲು ತಿಳಿಯಾಗಿಯೂ ಇತ್ತು. ಮೇಲಿನ ನೀರನ್ನು ಕಾಗದದಿಂದ ಒಮ್ಮೆ ಸವರಿದ. ಚಾಲಕನ ಬ್ಲಾಕನ್ನು ಸಾಲು ಮುರಿದು ಮುಂದಕ್ಕೆ ತಂದು ಕೊಯ್ದು ಗಾಡಿಗೆ ಹಾಕಿದ. ಬಾಗಿಲಿಗೆ ಬಂದು, ಆಯಿತು ಹೋಗಿ, ಹತ್ತು ದಿನದ್ದು ಐದು ದಿನಕ್ಕೆ ಬರುತ್ತದೆ ಎಂದು ಹೇಳಿದಾಗ ಆ ಹೆಂಡತಿ ಕೈಮುಗಿದಳು. ಅಂದು ಅವನು ಖುಷಿಯಾಗಿ ಮನೆಗೆ ಹೋದ, ಅದನ್ನೂ ಬರೆಯಬೇಕು.

ಐದು ದಿನಕ್ಕೆ ವರದಿ ಬಂತು. ಮಾತ್ರೆಗೆ ಬಗ್ಗುವ ಆ ಕೆಟ್ಟ ಜೀನು ಶಿಕ್ಷಕಿಯಲ್ಲೂ ಇತ್ತು, ಚಾಲಕನಲ್ಲೂ ಇತ್ತು. ತಮ್ಮೆದುರಿಗಿದ್ದ ಬಣ್ಣದ ಸ್ಲೈಡು ಶುದ್ಧವಾಗಿಯೇ ಇದ್ದುದರಿಂದ ಡಾಕ್ಟರಮ್ಮ ಸಹಿ ಮಾಡಿದರು. ಇಬ್ಬರಿಗೂ ಮಾತ್ರೆ ಶುರುವಾಯಿತು. ಶಿಕ್ಷಕಿ ಎರಡು ತಿಂಗಳಲ್ಲಿ ತರಗತಿಗೆ ಮರಳಿದರು. ಚಾಲಕನ ಗಡ್ಡೆ ಮೂರು ತಿಂಗಳಲ್ಲಿ ಎರಡರಷ್ಟಾಯಿತು.

ಮಾತ್ರೆ ಬರೆದ ವೈದ್ಯರು, ಕೆಲವರಿಗೆ ಹೀಗೂ ಆಗುತ್ತದೆ, ಏನು ಮಾಡುವುದು ಎಂದರು. ಡಾಕ್ಟರಮ್ಮನವರಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಚಾಲಕನ ಹೆಸರಿನಲ್ಲಿ ಬಣ್ಣ ಹಾಕದೆ ಉಳಿದಿದ್ದ ಒಂದೇ ಒಂದು ಸ್ಲೈಡನ್ನು ಪೆಟ್ಟಿಗೆಯಿಂದ ತೆಗೆಸಿ, ಅದಕ್ಕೆ ತಾವೇ ಬಣ್ಣ ಹಾಕಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕುಯ್ಯಪ್ಪನನ್ನು ಕರೆದು, ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದ ಇನ್ನೊಂದು ಬದಿಗೆ ಕೂರಿಸಿದರು.

“ಎಡಗಡೆ ಮೂಲೆ ನೋಡು,” ಎಂದರು. “ಇವರು ಯಾರು?”

ಹದಿನೇಳು ವರ್ಷ ಬ್ಲಾಕು ಕೊಯ್ದವನಿಗೆ ಒಂದು ಗಡ್ಡೆಯ ಬೆಳವಣಿಗೆಯ ವಿನ್ಯಾಸ ಮುಖದ ಹಾಗೆ ನೆನಪಿರುತ್ತದೆ. ಶಿಕ್ಷಕಿಯವರು ಅಲ್ಲಿದ್ದರು. ಚಾಲಕನ ಚೂರಿನ ಪಕ್ಕದಲ್ಲಿ, ಉಗುರಿನ ಚೂರಿಗಿಂತ ಚಿಕ್ಕದಾಗಿ. ನೀರು ಬದಲಿಸಿರಲಿಲ್ಲ ಎಂದು ಕುಯ್ಯಪ್ಪ ಅಲ್ಲೇ ಒಪ್ಪಿಕೊಂಡ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಾಲಕನ ಬ್ಲಾಕಿನಲ್ಲಿ ಉಳಿದಿದ್ದ ಅಲ್ಪಸ್ವಲ್ಪವನ್ನು ಹೊಸ ನೀರಿನಲ್ಲಿ ಮತ್ತೆ ಕೊಯ್ಯಿಸಿ, ಪರೀಕ್ಷೆ ಮಾಡಿಸಿದರು. ಅವನಲ್ಲಿ ಆ ಜೀನು ಕೆಟ್ಟಿರಲೇ ಇಲ್ಲ. ಅವನಿಗೆ ಮೊದಲ ದಿನದಿಂದ ಬೇಕಾಗಿದ್ದದ್ದು ಕಾವಲು ಕಣಗಳನ್ನು ಎಬ್ಬಿಸುವ ಇಮ್ಯುನೊಥೆರಪಿಯ ಡ್ರಿಪ್.

ಮರುದಿನ ಅವರು ರೋಗಿಯ ಎದುರು ಹೋಗಿ ಕುಳಿತರು. ಅಷ್ಟು ವರ್ಷದ ಸೇವೆಯಲ್ಲಿ ಹಾಗೆ ಹೋದದ್ದು ಅದೇ ಮೊದಲು. ಕುಯ್ಯಪ್ಪನನ್ನೂ ಕರೆದೊಯ್ದರು, ಮೆಟ್ಟಿಲಲ್ಲಿ ನಿಲ್ಲಿಸಿ ಒಂದು ಮಾತು ಹೇಳಿದರು. “ನೀನು ಬಾಯಿ ಬಿಡಬೇಡ. ಸಹಿ ನನ್ನದು.” ಒಳಗೆ, ತಪ್ಪು ವರದಿ ಹೋಗಿದೆ, ಆ ತಪ್ಪು ನನ್ನದು, ಮೂರು ತಿಂಗಳು ನಿಮಗೆ ಸಲ್ಲದ ಮದ್ದು ಕೊಟ್ಟೆವು ಎಂದು ಸುತ್ತಿ ಬಳಸದೆ ಹೇಳಿದರು. ಹೆಂಡತಿ ಅವರ ಮುಖವನ್ನೇ ನೋಡುತ್ತ ಕುಳಿತಳು. ಚಾಲಕ ಮಾತ್ರ ಬಾಗಿಲ ಬಳಿ ನಿಂತಿದ್ದ ಕುಯ್ಯಪ್ಪನ ಕಡೆ ತಿರುಗಿ, ಏದುಸಿರಿನ ನಡುವೆ ಸಮಾಧಾನ ಹೇಳಿದ.

“ನೀವ್ಯಾಕ್ ಸಾರ್ ಮುಖ ಹಾಗ್ ಮಾಡ್ಕೊಂಡಿದೀರಿ? ನೀವು ಬೇಗ ಮಾಡ್ಕೊಟ್ರಲ್ಲ, ಅದನ್ನ ನಾನು ಮರೆಯಲ್ಲ.”

ಡ್ರಿಪ್ ಶುರುವಾಯಿತು. ಮೂರು ವಾರಕ್ಕೊಂದರಂತೆ ಎರಡು ಆಯಿತು. ಮೂರನೆಯದಕ್ಕೆ ಮೊದಲೇ ಉಳಿದ ಶ್ವಾಸಕೋಶಕ್ಕೂ ಉರಿಯೂತ ಹತ್ತಿ ಅವನು ಮಲಗಿದ, ಮತ್ತೆ ಏಳಲಿಲ್ಲ. ಮೊದಲೇ ಕೊಟ್ಟಿದ್ದರೆ ಬದುಕುತ್ತಿದ್ದನೇ ಎಂದು ಕುಯ್ಯಪ್ಪ ಎಷ್ಟೋ ವೈದ್ಯರನ್ನು ಕೇಳಿದ್ದಾನೆ. ಆ ಮದ್ದು ಎಲ್ಲರಿಗೂ ಹಿಡಿಯುವುದಿಲ್ಲ, ಹಿಡಿದವರು ಕೆಲವರು ವರ್ಷಗಟ್ಟಲೆ ಬದುಕುತ್ತಾರೆ, ಇವನು ಯಾವ ಗುಂಪಿನವನೆಂದು ಯಾರೂ ಹೇಳಲಾರರು ಎಂಬುದೇ ಎಲ್ಲರ ಉತ್ತರ. ಈ ಉತ್ತರದ ಜೊತೆ ಸಂಸಾರ ಮಾಡುವುದು ಬಲು ಕಷ್ಟ.

ವಿಚಾರಣೆ ನಡೆಯಿತು. ಪೂರ್ತಿ ಹೊಣೆ ತಮ್ಮದೆಂದು ಡಾಕ್ಟರಮ್ಮ ಬರೆದುಕೊಟ್ಟರು, ಕೊಯ್ದವರಾರೆಂಬ ಪ್ರಶ್ನೆಗೆ ‘ವಿಭಾಗ’ ಎಂದರು. ವಿಭಾಗದ ಮುಖ್ಯಸ್ಥೆಯ ಸ್ಥಾನ ಅವರಿಗೆ ಬರುವುದಿತ್ತು. ಅವರೇ ಪಾಠ ಹೇಳಿದ ಕಿರಿಯರೊಬ್ಬರಿಗೆ ಹೋಯಿತು. ಆ ಕಿರಿಯರ ಕೈಕೆಳಗೆ ಹನ್ನೊಂದು ವರ್ಷ, ಒಂದು ದಿನವೂ ಮುಖ ಸಿಂಡರಿಸದೆ ದುಡಿದರು. ಕುಯ್ಯಪ್ಪ ರಾಜೀನಾಮೆ ಬರೆದು ಒಯ್ದಾಗ ಅದನ್ನು ಪೂರ್ತಿ ಓದಿ, ಮೇಜಿನ ಖಾನೆಯೊಳಗೆ ಹಾಕಿ, ಇವತ್ತು ಹದಿನಾಲ್ಕು ಬ್ಲಾಕು ಬಂದಿವೆ, ಮೊದಲು ಅವನ್ನು ಕೊಯ್ದು ಬಾ ಎಂದರು. ಅಂದಿನಿಂದ ಹೊಸದೊಂದು ನಿಯಮ ಬಂತು. ಜೀನ್ ಪರೀಕ್ಷೆಗೆ ಕೊಯ್ದ ಸಾಲಿನ ಮೊದಲ ಸ್ಲೈಡಿಗೂ ಬಣ್ಣ, ಕೊನೆಯ ಸ್ಲೈಡಿಗೂ ಬಣ್ಣ. ಎರಡನ್ನೂ ತಾವು ನೋಡದೆ ಸಹಿ ಇಲ್ಲ. ಈಚಿನ ವಿದ್ಯಾರ್ಥಿಗಳು ಅವರನ್ನು ಬೆನ್ನ ಹಿಂದೆ ‘ಮೊದಲು–ಕೊನೆ ಮೇಡಂ’ ಎಂದು ಕರೆಯುವುದು ಇದಕ್ಕೇ. ಕಾರಣ ಗೊತ್ತಿಲ್ಲದೆ ಕರೆಯುತ್ತಾರೆ. ಆ ನಿಯಮದಿಂದ ಈ ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಪರರ ಎಳೆ ಸಿಕ್ಕಿಬಿದ್ದಿದೆ, ನಾಲ್ವರು ತಪ್ಪು ಮದ್ದಿನಿಂದ ಪಾರಾಗಿದ್ದಾರೆ. ಅವರಿಗೂ ಅದು ಗೊತ್ತಿಲ್ಲ.

ಅಭಿನಂದನ ಲೇಖನ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಮೂರು ವಾರದ ಹಿಂದೆ ಔಷಧ ವಿಭಾಗದ ವೈದ್ಯರು ಕೆಳಗೆ ಬಂದು ಒಂದು ಸುದ್ದಿ ಹೇಳಿದರು. ಚಾಲಕನ ಹೆಂಡತಿಗೆ ಎದೆಯಲ್ಲಿ ಗಂಟಾಗಿದೆ. ದೂರದ ಆಸ್ಪತ್ರೆಯಲ್ಲಿ ಮಾಡಿಸಿದ ಪರೀಕ್ಷೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ಬಂದಿದೆ. ಗುರಿಯಿಟ್ಟು ಹೊಡೆಯುವ ಮದ್ದು ಆಕೆಗೆ ಸಲ್ಲುತ್ತದೋ ಇಲ್ಲವೋ ಎಂದು ಅದೇ ಬ್ಲಾಕಿನಿಂದ ಮತ್ತೆ ಪರೀಕ್ಷೆಯಾಗಬೇಕು. ಆಕೆ ಮಾತ್ರ ಬ್ಲಾಕನ್ನು ಚೀಲದಲ್ಲಿಟ್ಟುಕೊಂಡು ಹದಿನೈದು ದಿನದಿಂದ ಕೂತಿದ್ದಾಳೆ, ನನ್ನ ಗಂಡನನ್ನು ಕೊಂದ ಆ ಡಾಕ್ಟರಮ್ಮನ ಕೈಗೆ ಕೊಡುವುದಿಲ್ಲ ಎನ್ನುತ್ತಾಳೆ. ಡಾಕ್ಟರಮ್ಮ ತಲೆಯೆತ್ತದೆ, ಅವರಿಷ್ಟ, ಎಷ್ಟು ದೂರವಾದರೂ ಸರಿ, ಬೇರೆ ಕಡೆ ಕಳಿಸಿಕೊಡಿ ಎಂದರು. ಕುಯ್ಯಪ್ಪ ಅಲ್ಲೇ ಇದ್ದ. ತನ್ನ ಮೌನ ಇನ್ನೊಂದು ಜೀವದ ಹದಿನೈದು ದಿನವನ್ನು ತಿಂದಿತ್ತು.

ಮರುದಿನ ಬೆಳಿಗ್ಗೆ ಅವನು ಆ ಮನೆಗೆ ಹೋದ. ಎರಡನೆಯ ಮಹಡಿ, ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರ ಸೂಜಿಯ ಕೆಳಗೆ ಅರ್ಧ ಹೊಲಿದ ಯಾರದೋ ತೋಳು. ಬಸ್ಸಿನವರಲ್ಲವೇ ಎಂದು ಆಕೆ ಗುರುತು ಹಿಡಿದು ಕುರ್ಚಿ ಎಳೆದಳು. ಅವನು ನಿಂತೇ ಎಲ್ಲವನ್ನೂ ಹೇಳಿದ. ನೀರು, ಶಿಕ್ಷಕಿ, ಗಾಡಿ, ಕಾಲು ಗಂಟೆ. ಆಕೆ ಎದ್ದು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು, ಮುಖ ತೊಳೆದ ಸದ್ದು. ಹೊರಗೆ ಬಂದಾಗ ಸೆರಗಿನಿಂದ ಮುಖ ಒತ್ತಿಕೊಳ್ಳುತ್ತಿದ್ದಳು.

“ಹನ್ನೊಂದು ವರ್ಷ ಆಯಮ್ಮನ್ನ ಬೈದಿದೀನಿ. ದೀಪ ಹಚ್ಚುವಾಗೆಲ್ಲ ಶಾಪ ಹಾಕಿದೀನಿ,” ಎಂದಳು. “ಅದನ್ನೆಲ್ಲ ಈಗ ಹೇಗ್ ವಾಪಸ್ ತಗೊಳ್ಳಿ?”

ಆಕೆ ಚೀಲದಿಂದ ಬ್ಲಾಕನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಆಯಮ್ಮನೇ ಮಾಡಲಿ, ನೀವು ಮುಟ್ಟಬೇಡಿ ಎಂದಳು. ಅವನು ಹೊರಬಿದ್ದ ಮೇಲೆ ಬಾಗಿಲು ಹಾಕಿಕೊಂಡಳು, ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ.

ವಿಷಯ ತಿಳಿದ ಡಾಕ್ಟರಮ್ಮ ಮೊದಲು ಸಿಡಿದರು. ಯಾರು ಹೇಳೆಂದವರು, ಯಾರನ್ನು ಕೇಳಿ ಹೋದೆ ಎಂದು. ಆಮೇಲೆ ಕುರ್ಚಿಗೆ ಕುಸಿದು, ಕನ್ನಡಕ ತೆಗೆದಿಟ್ಟರು. “ಅವತ್ತು ನಿನ್ನ ಹೆಸರು ಹೇಳಿದ್ರೆ ನಿನ್ನನ್ನ ತೆಗೆದು ಕೈ ತೊಳ್ಕೊಂಡುಬಿಡ್ತಿದ್ರು. ನೀರು ಹಾಗೇ ಇರ್ತಿತ್ತು. ಅದಕ್ಕೇ ಹೇಳ್ಲಿಲ್ಲ,” ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, “ಆದ್ರೆ ಆಯಮ್ಮನಿಗೆ ನಿಜ ಹೇಳ್ಬೇಕಿತ್ತು. ಅದು ನನ್ನ ತಪ್ಪು,” ಎಂದರು. ಆಕೆಯ ಷರತ್ತಿನ ಮಾತು ಬಂದಾಗ ತಮ್ಮ ಎರಡೂ ಕೈಗಳನ್ನು ನೋಡಿಕೊಂಡು, ಫೋನು ತರಿಸಿದರು. ನನಗೆ ಕೊಯ್ಯಲು ಬಾರದಮ್ಮ, ನಾನು ಕೊಯ್ದರೆ ನಿಮ್ಮ ಚೂರು ಹಾಳಾಗುತ್ತದೆ. ಇವನಿಗಿಂತ ಚೆನ್ನಾಗಿ ಕೊಯ್ಯುವವರನ್ನು ನಾನು ಕಂಡಿಲ್ಲ. ಬೇಕಾದರೆ ನೀವೇ ಬಂದು ಎದುರಿಗೆ ಕೂತು ನೋಡಿ ಎಂದರು.

ಆಕೆ ಬಂದಳು. ರೋಗಿಯೊಬ್ಬರು ಆ ನೆಲಮಾಳಿಗೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಡಾಕ್ಟರಮ್ಮ ಎದ್ದು ನಿಂತರು. ಡಾಕ್ಟರಮ್ಮ ತಮ್ಮ ಕುರ್ಚಿಯನ್ನು ಆಕೆಗೆ ಕೊಟ್ಟು ಪಕ್ಕದಲ್ಲಿ ನಿಂತರು. ಕುಯ್ಯಪ್ಪ ಬೋಗುಣಿಯ ನೀರನ್ನು ಚೆಲ್ಲಿದ. ಒರೆಸಿದ, ಇನ್ನೊಮ್ಮೆ ಒರೆಸಿದ. ಹೊಸ ನೀರು ತುಂಬಿ ಗುಂಡಿ ಒತ್ತಿದ. ನೀರು ಕಾಯುವವರೆಗೆ ಮೂವರಿಗೂ ಮಾಡಲು ಕೆಲಸವಿರಲಿಲ್ಲ. ಕಿಟಕಿಯಾಚೆ ಚಪ್ಪಲಿಗಳು ಹೋದವು, ಬಂದವು. ಗೋಡೆಯ ಗಡಿಯಾರದಲ್ಲಿ ಇಪ್ಪತ್ತು ನಿಮಿಷ.

“ಇಷ್ಟೇನಾ?” ಎಂದಳು ಆಕೆ. “ಅವತ್ತು ಇಷ್ಟು ಹೊತ್ತು ಕಾಯೋಕಾಗ್ಲಿಲ್ವಾ?”

“ಕಾಯಬಹುದಿತ್ತಮ್ಮ,” ಎಂದ ಕುಯ್ಯಪ್ಪ.

ಕೊಯ್ದ. ಡಾಕ್ಟರಮ್ಮ ಮೊದಲ ಸ್ಲೈಡು ನೋಡಿದರು, ಕೊನೆಯ ಸ್ಲೈಡು ನೋಡಿದರು. ಎರಡರಲ್ಲೂ ಆಕೆಯೊಬ್ಬಳೇ ಇದ್ದಳು. ವಾರದ ಮೇಲೆ ಬಂದ ವರದಿಗೆ ಅವರು ಹಾಕಿದ ಸಹಿಯೇ ಅವರ ಸೇವೆಯ ಕೊನೆಯ ಸಹಿ. ಅದರಲ್ಲಿ ಏನಿತ್ತೆಂಬುದು ಆ ತಾಯಿಗೆ ಸೇರಿದ್ದು, ಇಲ್ಲಿ ಬರೆಯುವುದಿಲ್ಲ. ಉಳಿದದ್ದನ್ನು ಬರೆಯಲು ಆಕೆಯೇ ಒಪ್ಪಿಗೆ ಕೊಟ್ಟಿದ್ದಾಳೆ, ಮುಚ್ಚಿಡದೆ ಬರೆಯಿರಿ ಎಂದಿದ್ದಾಳೆ.

ಮೊನ್ನೆ ಡಾಕ್ಟರಮ್ಮ ಮೇಜಿನ ಖಾನೆ ಖಾಲಿ ಮಾಡುವಾಗ ಹಳೆಯ ರಾಜೀನಾಮೆ ಪತ್ರ ಸಿಕ್ಕಿತು. ಇದು ನಿನ್ನದಪ್ಪ, ಇಟ್ಟುಕೋ ಎಂದು ಕೊಟ್ಟರು. ಅದರಲ್ಲಿ ‘ವೈಯಕ್ತಿಕ ಕಾರಣಗಳಿಂದ’ ಎಂದು ಬರೆದಿತ್ತು. ಆ ಪತ್ರದಲ್ಲೂ ಅವನು ನಿಜ ಬರೆದಿರಲಿಲ್ಲ.

ನಮ್ಮ ಡಾಕ್ಟರಮ್ಮನವರಿಗೆ ಆಯುಷ್ಯ ಬೆಳೆಯಲಿ. ಅವರ ಕಣ್ಣು ಮಸುಕಾಗದಿರಲಿ. ಮನೆಯಲ್ಲಿ ಕೂರುವ ಜೀವವಲ್ಲ ಅದು, ವಾರಕ್ಕೆರಡು ದಿನವಾದರೂ ಬಂದು ಹೊಸಬರ ಸ್ಲೈಡುಗಳಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತಿದ್ದಾರೆಂದು ನೋಡಿ ಗದರುತ್ತಿರಲಿ. ಅವರ ಸೇವಾ ಕಡತದಲ್ಲಿ ಹನ್ನೊಂದು ವರ್ಷದಿಂದ ಒಂದು ತಪ್ಪು ಅವರ ಹೆಸರಿನಲ್ಲಿದೆ. ಸಂಪಾದಕರು ಕ್ಷಮಿಸಬೇಕು, ಅವರ ಮೊದಲ ಸೂಚನೆಯನ್ನೂ ಈ ಕೊನೆಯ ಸಾಲಿನಲ್ಲಿ ಮುರಿಯುತ್ತಿದ್ದೇನೆ. ಅಂದು ಬೋಗುಣಿಯ ನೀರು ಬದಲಿಸದೆ ಕೊಯ್ದವನು ನಾನು.